ಹಿಂಡಿನ ನಡೆಯ ನಾಲ್ಕನೇ ಪೆಟ್ಟು

ಕಂಪನಿಯವರು ಕಳಿಸಿದ ಫಾರಂನಲ್ಲಿ ಹಾಡಿನ ವೇಗ ಬರೆಯಲು ಒಂದೇ ಒಂದು ಖಾನೆ ಇತ್ತು. ನಿಮಿಷಕ್ಕೆ ಎಷ್ಟು ಪೆಟ್ಟು, ಅಷ್ಟೇ. ಬೇರೆ ಹಾಡುಗಳಿಗೆ ನಾನು ಆ ಖಾನೆಯನ್ನು ಚಹಾ ಆರುವುದರೊಳಗೆ ತುಂಬಿಸಿಬಿಡುತ್ತಿದ್ದೆ. ಆ ಒಂದು ಡೊಳ್ಳಿಗೆ ಮಾತ್ರ ಹನ್ನೊಂದು ದಿನ ಹಿಡಿಯಿತು.

ನನ್ನ ಕೆಲಸ ಏನೆಂದು ಆದೋನಿಯಲ್ಲಿ ನಮ್ಮ ಮನೆಯವರಿಗೇ ಸರಿಯಾಗಿ ಗೊತ್ತಿಲ್ಲ. ಹತ್ತಿ ವ್ಯಾಪಾರದ ಮನೆ ನಮ್ಮದು. ಅಪ್ಪ ಅಂಗಡಿಗೆ ಬಂದವರಿಗೆಲ್ಲ "ನಮ್ಮ ಹುಡುಗಿ ಕಂಪ್ಯೂಟರ್‌ನಾಗ ಹಾಡು ಕುಟ್ತಾಳ" ಎಂದು ಹೇಳಿ ನಗುತ್ತಾರೆ. ಸುಳ್ಳೇನಲ್ಲ. ಫೋನಿನಲ್ಲಿ ಆಡುವ ಒಂದು ಆನ್‌ಲೈನ್ ಡ್ಯಾನ್ಸ್ ಆಟಕ್ಕೆ ನಾನು ಹಾಡುಗಳ ಮೇಲೆ ಬಾಣದ ಗುರುತು ಕೂಡಿಸುತ್ತಿದ್ದೆ. ಆಟ ಹೀಗೆ: ಒಂದು ಕೋಣೆಗೆ ಆರು ಜನ ಸೇರುತ್ತಾರೆ. ಒಬ್ಬರು ಎಮ್ಮಿಗನೂರಿನಲ್ಲಿದ್ದರೆ ಇನ್ನೊಬ್ಬರು ಅಸ್ಸಾಮಿನಲ್ಲಿರಬಹುದು. ಪರದೆಯ ಮೇಲೆ ಆರು ಗೊಂಬೆಗಳು ಸಾಲಾಗಿ ನಿಲ್ಲುತ್ತವೆ. ಹಾಡು ಶುರುವಾದ ಕೂಡಲೇ ಕೆಳಗೆ ಬಾಣಗಳು ಬರುತ್ತವೆ, ಎಡ, ಬಲ, ಮೇಲೆ, ಕೆಳಗೆ. ಮೂರು ಪೆಟ್ಟು ಮುಗಿಯುವುದರೊಳಗೆ ಆ ಬಾಣಗಳನ್ನೆಲ್ಲ ಒತ್ತಿ, ನಾಲ್ಕನೇ ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ದೊಡ್ಡ ಗುಂಡಿ ಒತ್ತಬೇಕು. ಸರಿಯಾಗಿ ಒತ್ತಿದರೆ 'ಪರ್ಫೆಕ್ಟ್', ನಿಮ್ಮ ಗೊಂಬೆ ಕುಣಿಯುತ್ತದೆ. ಕಣ್ಣು ಮಿಟುಕಿಸುವಷ್ಟು ತಡವಾದರೆ 'ಬ್ಯಾಡ್'. ಇನ್ನೂ ತಡವಾದರೆ 'ಮಿಸ್', ಉಳಿದ ಐವರು ಕುಣಿಯುವಾಗ ನಿಮ್ಮದು ತಲೆ ತಗ್ಗಿಸಿ ನಿಂತಿರುತ್ತದೆ.

ಇಂಥ ಆಟಗಳು ಮೊದಲು ದೊಡ್ಡ ಊರುಗಳಲ್ಲಿ ಕಾಲಿನಿಂದ ತುಳಿಯುವ ಯಂತ್ರಗಳಾಗಿದ್ದವು. ಆಮೇಲೆ ಕೊರಿಯಾದವರು ಕಾಲು ಬಿಡಿಸಿ ಕೀಬೋರ್ಡಿಗೆ ತಂದರು, ಇಂಟರ್ನೆಟ್ಟಿನ ಮೇಲೆ ಆರು ಜನರ ಕೋಣೆ ಕಟ್ಟಿದರು. ಗೊಂಬೆಗೆ ಬಟ್ಟೆ, ಜೋಡಿ ಕುಣಿತ, ಗುಂಪು, ಜಗಳ, ಪ್ರೀತಿ ಎಲ್ಲ ಅದರೊಳಗೇ ನಡೆಯತೊಡಗಿತು. ನಾನು ಕಾಲೇಜಿನ ದಿನಗಳಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ನೆಟ್ ಸೆಂಟರಿನಲ್ಲಿ ಕೀಲಿ ಸವೆಯುವಷ್ಟು ಆಡಿದ್ದು ಅಂಥದ್ದೊಂದನ್ನೇ. ಆ ಹಳೆಯ ಆಟಗಳಲ್ಲಿ ಎಷ್ಟೋ ಮುಚ್ಚಿಹೋದವು. ಫೋನಿಗೆ ಬಂದ ನಮ್ಮ ಆಟವೂ ಖಾಲಿಯಾಗುತ್ತ ಬಂದಿತ್ತು. ಸಂಜೆ ಬಿಟ್ಟರೆ ಉಳಿದ ಹೊತ್ತಿನಲ್ಲಿ ಆರು ಜನ ಸೇರುವುದೇ ಕಷ್ಟವಾಗಿತ್ತು.

ನಮ್ಮ ಟೀಮಿನ ಲೀಡ್ ಹೈದರಾಬಾದಿನಲ್ಲಿ ಕೂತ ಮೈಸೂರು ಕಡೆಯ ಹೆಣ್ಣುಮಗಳು. ಒಂದು ದಿನ ಫೋನ್ ಮಾಡಿ, "ಮೇಡಂ, ಲೋಕಲ್ ಬೀಟ್ಸ್ ಅಂತ ಒಂದು ಪ್ಯಾಕ್ ಮಾಡೋಣ. ಒಂದೊಂದು ಕಡೆಯಿಂದ ಒಂದೊಂದು ವಾದ್ಯ. ಇದೂ ಕೈ ಹಿಡೀದಿದ್ರೆ ಮೇಲಿನವರು ಸರ್ವರ್ ಮುಚ್ಚಿಬಿಡ್ತಾರೆ" ಎಂದಳು. ನಾನು ಹಿಂದೆ ಮುಂದೆ ನೋಡದೆ ಡೊಳ್ಳು ಅಂದೆ.

ದೇವನಕೊಂಡದ ಹತ್ತಿರದ ಹಳ್ಳಿಯಲ್ಲಿ ಒಬ್ಬರು ಇದ್ದಾರೆಂದು ನಮ್ಮಲ್ಲಿಗೆ ಹತ್ತಿ ತರುವ ರೈತರೊಬ್ಬರು ಹೇಳಿದರು. ಕುರಿ ಕಾಯುವ ಮನೆತನ. ಐವತ್ತು ದಾಟಿದ ಗಟ್ಟಿ ಆಳು, ಹೆಗಲ ಮೇಲೆ ಕಂಬಳಿ. ನಾನು ಮೊದಲ ದಿನದಿಂದಲೇ ಅವರನ್ನು ಕಾಕಾ ಎಂದು ಕರೆದೆ. ಬಂದ ಕಾರಣ ಹೇಳಿ, ಅವರ ಮಗಳ ಫೋನಿನಲ್ಲಿ ಆಟ ತೆರೆದು ತೋರಿಸಿದೆ. ಅವರು ಮಗಳ ಕೈಯಿಂದ ಫೋನ್ ಇಸಿದುಕೊಂಡು ಆಟವನ್ನು ಬಹಳ ಹೊತ್ತು ನೋಡಿದರು.

"ಹಿಂಡಿನ ನಡೆ ಅಂತ ಒಂದು ಐತವ್ವ," ಎಂದರು. "ನಮ್ಮಣ್ಣಗ ಬರ್ತಿತ್ತು, ನನಗ ಬರ್ತೈತಿ. ಅಣ್ಣ ಹ್ವಾದ ವರ್ಷ ತೀರಿಕೊಂಡ. ಈಗ ನಾ ಒಬ್ಬಾವನ."

"ಹುಡುಗರಿಗೆ ಕಲಿಸಲಿಲ್ಲೇನು ಕಾಕಾ?"

"ಬರ್ತಾರ, ಎರಡು ದಿನ ಕೋಲು ಹಿಡೀತಾರ, ಡೀಜೆ ಸಪ್ಪಳ ಕೇಳಿದ್ರ ಅತ್ತಾಗ ಓಡ್ತಾರ. ಬೈಯಾಕ ಬರಂಗಿಲ್ಲ, ನಮ್ಮನಿ ಮದಿವ್ಯಾಗೂ ಡೀಜೆನ ಹಾಕಿಸ್ಯಾರ." ಫೋನ್ ಮಗಳಿಗೆ ಕೊಟ್ಟು ಕೇಳಿದರು, "ನಾ ಹೋದ ಮ್ಯಾಲೂ ಇದು ಅದರಾಗ ಇರ್ತೈತೇನವ್ವ?"

"ಇರ್ತೈತಿ ಕಾಕಾ."

"ಹೆಂಗ ಐತೋ ಹಂಗ?"

"ಹೆಂಗ ಐತೋ ಹಂಗ," ಎಂದು ನಾನು ಮಾತು ಕೊಟ್ಟೆ. ಅವರು ಕೇಳಿದ್ದು ಅದೊಂದನ್ನೇ.

ಹತ್ತಿಯ ಸುಗ್ಗಿ ಮುಗಿದು ನಮ್ಮ ಗೋದಾಮು ಖಾಲಿ ಬಿದ್ದಿತ್ತು. ಗೋಡೆಗೆ ಹಳೆಯ ಕೌದಿಗಳನ್ನು ತೂಗುಬಿಟ್ಟು ಪ್ರತಿಧ್ವನಿ ತಗ್ಗಿಸಿದೆ. ಕಾಕಾ ಬಸ್ಸಿನಲ್ಲಿ ಡೊಳ್ಳು ತಂದು, ಅಂಗಳದ ಬಿಸಿಲಿಗೆ ತೊಗಲು ಕಾಯಿಸಿ, ಹಗ್ಗ ಬಿಗಿದು ಒಳಗೆ ಬಂದರು. ನಾನು ಅವರ ಕಿವಿಗೆ ಹೆಡ್‌ಫೋನ್ ಹಾಕಿ ತಾಳದ ಟಕ್ ಟಕ್ ಬಿಟ್ಟೆ. ಎಲ್ಲ ರೆಕಾರ್ಡಿಂಗಿಗೂ ಹೀಗೇ ಮಾಡುವುದು.

"ಇದ್ಯಾರವ್ವ ಕಿವ್ಯಾಗ ಕುಟ್ಟಾಕತ್ತಾನ?"

"ಅದು ಲೆಕ್ಕ ಕಾಕಾ. ಅದರ ಜೋಡಿ ಬಾರಿಸ್ರಿ."

ನಾಲ್ಕು ಸುತ್ತು ಬಾರಿಸಿ ಹೆಡ್‌ಫೋನ್ ಕಿತ್ತು ನನ್ನ ಕೈಗೆ ಕೊಟ್ಟರು. "ಇವಗ ಕಣ್ಣಿಲ್ಲ. ಯಾರು ಕಾಲು ಎತ್ಯಾರ, ಯಾರು ಇಳಿಸ್ಯಾರ ನೋಡಂಗಿಲ್ಲ. ತನ್ನ ಪಾಡಿಗೆ ತಾ ಹೊಂಟಾನ."

"ಇಲ್ಲಿ ಯಾರೂ ಕುಣ್ಯಾಕತ್ತಿಲ್ಲಲ್ಲ ಕಾಕಾ."

"ಅದಕ್ಕ ಬರವಲ್ದು. ಕಾಲಿಲ್ಲದ ಹೆಂಗ ಬಾರಿಸಲಿ?"

ಮರುದಿನ ನಾಲ್ಕು ಜನರನ್ನು ಕರೆದುಕೊಂಡು ಬಂದರು. ಅವರಲ್ಲಿ ಒಬ್ಬ ಅವರ ಭಾವಮೈದ, ಎಡ ಮೊಣಕಾಲು ಕೆಟ್ಟವನು, ಕುಂಟುತ್ತಲೇ ಗೋದಾಮೆಲ್ಲ ಸುತ್ತಿ ಬಂದು, "ಅಕ್ಕಾ, ನನ್ನ ಮೊಣಕಾಲೂ ಫೋನಿನ್ಯಾಗ ಬರ್ತೈತೇನು? ಬಂದ್ರ ಅದಕ್ಕೊಂದು ಬ್ಯಾರೆ ಪಗಾರ ಕೊಡಬೇಕು" ಅಂದ. ಬರಿಗಾಲಿನಲ್ಲಿ ಬಂಡೆಯ ನೆಲದ ಮೇಲೆ ನಾಲ್ವರೂ ಸುತ್ತು ನಿಂತರು. ಡೊಳ್ಳಿಗೊಂದು, ಕುಣಿಯುವವರ ಕಾಲಿನ ಹತ್ತಿರ ಇನ್ನೊಂದು ಮೈಕ್ ಇಟ್ಟೆ. ಕಾಕಾ ಬಾರಿಸತೊಡಗಿದರು.

ಆಗ ಗೊತ್ತಾಯಿತು ನನಗೆ. ಮೂರು ಪೆಟ್ಟು ಬಿರುಸಾಗಿ ಬೀಳುತ್ತಿದ್ದವು. ನಾಲ್ಕನೆಯದಕ್ಕೆ ಕೋಲು ಮೇಲೆ ನಿಲ್ಲುತ್ತಿತ್ತು. ಕಾಕಾನ ಕಣ್ಣು ಡೊಳ್ಳಿನ ಮೇಲೆ ಇರಲೇ ಇಲ್ಲ, ಭಾವಮೈದನ ಎಡಗಾಲಿನ ಮೇಲಿತ್ತು. ಆ ಕಾಲು ನೆಲಕ್ಕೆ ತಾಗುವಾಗಲೇ ನಾಲ್ಕನೇ ಪೆಟ್ಟು. ಒಮ್ಮೆ ಬೇಗ, ಒಮ್ಮೆ ತಡ, ಒಮ್ಮೆ ಇನ್ನೂ ತಡ. ಆ ಕಾಯುವಿಕೆಯಲ್ಲಿ ಐದೂ ಜನ ಉಸಿರು ಹಿಡಿದಂತಿರುತ್ತಿತ್ತು, ಪೆಟ್ಟು ಬಿದ್ದೊಡನೆ ಸುತ್ತೇ ಹಾರುತ್ತಿತ್ತು. ಅಪ್ಪ ಅಂಗಡಿ ಬಿಟ್ಟು ಬಂದು ಬಾಗಿಲಲ್ಲಿ ಚಪ್ಪಲಿ ಕಳಚಿ ನಿಂತಿದ್ದರು.

ಚಹಾ ಕುಡಿಯುವಾಗ ಆ ನಾಲ್ಕನೇ ಪೆಟ್ಟು ಯಾಕೆ ಕಾಯುತ್ತದೆ ಎಂದು ಕೇಳಿದೆ. "ಸಂಜಿಗೆ ಕುರಿ ಹೊಳ್ಳಿಸ್ತೀವಲ್ಲ, ಮುಂದಿನ ಕುರಿ ನೋಡಿ ನಡದ್ರ ಹಿಂಡು ಒಡೀತೈತಿ," ಎಂದರು ಕಾಕಾ. "ಹಿಂದ ಒಂದು ಕುಂಟಿ ಇರ್ತೈತಿ, ಒಂದು ಬಸರಿ ಇರ್ತೈತಿ. ಅದು ಬಂದು ಮುಟ್ಟೋತನ ನಿಲ್ಲಬೇಕು. ಇದೂ ಅಂಥಾದ್ದ. ಯಾರ ಕಾಲು ಹಿಂದ ಐತಿ, ನಾಕನೇ ಪೆಟ್ಟು ಅವರದ."

ಇಷ್ಟು ಚೆಂದದ ಮಾತು ಕೇಳಿ ತಲೆದೂಗಿದವಳಿಗೆ ಮುಂದಿನ ಫಜೀತಿ ಹೊಳೆಯಲಿಲ್ಲ ನೋಡಿ. ಆಟದಲ್ಲಿ ದೊಡ್ಡ ಗುಂಡಿ ಒತ್ತಬೇಕಾದದ್ದು ಅದೇ ನಾಲ್ಕನೇ ಪೆಟ್ಟಿಗೆ!

ಕಂಪ್ಯೂಟರಿಗೆ ಹಾಕಿ ನೋಡಿದೆ. ಸಮ ಅಂತರದಲ್ಲಿ ಹಸಿರು ಗೆರೆಗಳು, ಅವುಗಳ ಮೇಲೆ ಡೊಳ್ಳಿನ ಅಲೆ. ಮೊದಲ ಮೂರು ಪೆಟ್ಟು ಗೆರೆಯ ಹತ್ತಿರ ಕೂಡುತ್ತಿದ್ದವು, ನಾಲ್ಕನೆಯದು ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ. ಮೊದಲು ಸರಾಸರಿ ತೆಗೆದು ಆ ಖಾನೆಯಲ್ಲಿ ಬರೆದೆ. ಆರು ಸುತ್ತು ಕಳೆಯುವಷ್ಟರಲ್ಲಿ ಡೊಳ್ಳು ಒಂದು ಕಡೆ, ಗುಂಡಿ ಒಂದು ಕಡೆ. ಆಮೇಲೆ ಹಾಡನ್ನು ತುಂಡು ಮಾಡಿ ತುಂಡಿಗೊಂದು ವೇಗ ಕೊಡಲು ನೋಡಿದೆ. ಎರಡನೇ ಅಂಕಿ ಬರೆಯಲು ಜಾಗವೇ ಇರಲಿಲ್ಲ. ಲೀಡ್‌ಗೆ ಫೋನ್ ಹಚ್ಚಿದೆ.

"ಮೇಡಂ, ಸರ್ವರ್ ಆರು ಫೋನಿಗೂ 'ಈಗ ಶುರು' ಅಂತ ಮಾತ್ರ ಹೇಳುತ್ತೆ," ಎಂದಳು. "ಆಮೇಲೆ ಒಂದೊಂದು ಫೋನೂ ತಾನೇ ಎಣಿಸಿಕೊಂಡು ಹೋಗುತ್ತೆ. ಮಧ್ಯ ವೇಗ ಬದಲಾದ್ರೆ ಆರು ಜನ ಆರು ದಿಕ್ಕು."

"ಅದನ್ನ ಬದಲಿ ಮಾಡಾಕ ಬರಂಗಿಲ್ಲೇನು?"

"ಆಟ ನಡೆಸೋ ಎಂಜಿನ್ ಬರೆದವರು ಯಾರೂ ಈಗ ಕಂಪನಿಯಲ್ಲಿಲ್ಲ ಮೇಡಂ. ಮುಟ್ಟಿದ್ರೆ ಪೂರ್ತಿ ಬಿದ್ದುಹೋಗುತ್ತೆ."

ಹಾಗಾದರೆ ಈ ಹಾಡಿಗಷ್ಟೇ ತಡವಾಗಿ ಒತ್ತಿದರೂ ಸರಿ ಅನ್ನುವ ಹಾಗೆ ಮಾಡಿ ಎಂದು ಬೇಡಿಕೊಂಡೆ. ರ‍್ಯಾಂಕಿಂಗ್ ಕೆಡುತ್ತದೆ, ಆಡುವವರು ಗಲಾಟೆ ಮಾಡುತ್ತಾರೆ ಎಂದಳು. ಆದರೂ ಹಾಡನ್ನು ಇದ್ದ ಹಾಗೇ ಒಮ್ಮೆ ಪರೀಕ್ಷೆಗೆ ಬಿಟ್ಟು ನೋಡಲು ಒಪ್ಪಿದಳು. ಆರು ಜನ ಟೆಸ್ಟರ್‌ಗಳು ಕೋಣೆಗೆ ಬಂದರು. ಡೊಳ್ಳು ಶುರುವಾಯಿತು. ಐದನೇ ಸುತ್ತಿನಿಂದ ಎಲ್ಲರಿಗೂ ಮಿಸ್, ಮಿಸ್, ಮಿಸ್. ಡೊಳ್ಳು ಭೋರ್ಗರೆಯುತ್ತಿದೆ, ಆರು ಗೊಂಬೆಗಳು ಹೆಣ ನೋಡಲು ಬಂದವರ ಹಾಗೆ ತಲೆ ಬಗ್ಗಿಸಿ ನಿಂತಿವೆ. ಒಬ್ಬ ಚಾಟಿನಲ್ಲಿ, "ಬಾರಿಸಿದವರು ಕುಡಿದಿದ್ರಾ?" ಎಂದು ಬರೆದ. ನನ್ನ ಪಿತ್ತ ನೆತ್ತಿಗೇರಿತು. "ನಿಮ್ಮಜ್ಜ ಕುಡಿದಿದ್ದ" ಎಂದು ಬರೆದುಬಿಟ್ಟೆ. ಲೀಡ್ ಕೈಯಲ್ಲಿ ಬೈಸಿಕೊಂಡೆ, ಬೈಸಿಕೊಳ್ಳುವ ಹಾಗೇ ಇತ್ತು.

ಕೊನೆಗೆ ಕಾಕಾಗೇ ಫೋನ್ ಮಾಡಿ, ನಾಲ್ಕನೇ ಪೆಟ್ಟನ್ನು ಕಾಯದೆ ಬಾರಿಸಲು ಬರುತ್ತದೆಯೇ ಎಂದು ಕೇಳಿದೆ. ಕೇಳುವಾಗಲೇ ನಾಚಿಕೆಯಾಯಿತು. ಪಾಪ, ಮನೆಯಲ್ಲಿ ನಾಲ್ಕು ದಿನ ಪ್ರಯತ್ನ ಮಾಡಿದರಂತೆ. "ಕೈ ಅಲ್ಲೇ ನಿಲ್ತೈತವ್ವ, ಏನ್ ಮಾಡಿದ್ರೂ ನಿಲ್ತೈತಿ. ಯಾಕ, ಹಂಗ ಇದ್ರ ಆಗಂಗಿಲ್ಲೇನು?" ಎಂದರು. "ಆಗ್ತೈತಿ ಕಾಕಾ, ಸುಮ್ಮನ ಕೇಳಿದೆ" ಎಂದು ಫೋನ್ ಇಟ್ಟೆ.

ಶುಕ್ರವಾರ ಲೀಡ್ ಕಡೆಯ ಮಾತು ಹೇಳಿದಳು. ನಾಳೆ ಸಂಜೆಯೊಳಗೆ ಸರಿಹೋಗದಿದ್ದರೆ ಡೊಳ್ಳು ಪ್ಯಾಕಿನಿಂದ ಹೊರಗೆ. ಕೈಬಿಡಬೇಕು, ಇಲ್ಲವೇ ಕತ್ತರಿಸಿ ನೆಟ್ಟಗೆ ಮಾಡಬೇಕು. ಕೈಬಿಟ್ಟರೆ ಕಾಕಾನ ಮುಖ ಹೇಗೆ ನೋಡಲಿ ಎಂದು ಯೋಚಿಸಿದೆ. ಏನೂ ಇಲ್ಲದ್ದಕ್ಕಿಂತ ಸ್ವಲ್ಪ ತಿದ್ದಿದ್ದಾದರೂ ಇರಲಿ, ಅವರಿಗೆಲ್ಲಿ ಗೊತ್ತಾಗುತ್ತದೆ ಎಂದುಕೊಂಡೆ. ಎದೆ ಮುಟ್ಟಿ ಹೇಳುವುದಾದರೆ, ನನ್ನ ಕೆಲಸ ಉಳಿಯುವ ಆಸೆಯೂ ಅದರಲ್ಲಿತ್ತು.

ಶನಿವಾರ ಬೆಳಿಗ್ಗೆ ಕೂತೆ. ಒಂದೊಂದೇ ನಾಲ್ಕನೇ ಪೆಟ್ಟನ್ನು ಕತ್ತರಿಸಿ, ಮುಂಚೆ ಬೀಳುವಂತೆ ಎಳೆದು, ಹಸಿರು ಗೆರೆಯ ಮೇಲೆ ಕೂಡಿಸಿದೆ. ಹಿಂದೆ ಬಿದ್ದ ಸಂದಿಯನ್ನು ಬೇರೆ ಕಡೆಯ ಗುಂಯ್ ಸದ್ದು ತಂದು ತುಂಬಿದೆ. ಹತ್ತಿಪ್ಪತ್ತು ಮಾಡಿದ ಮೇಲೆ ಹಾಕಿ ಕೇಳಿದರೆ ಏನೋ ಒಂದು ಧಪ್ ಅನ್ನುವ ಸದ್ದು ಪ್ರತಿ ಪೆಟ್ಟಿನ ಬೆನ್ನಿಗೇ ಬರುತ್ತಿತ್ತು. ಏನದು ಎಂದು ತಡಕಾಡಿದೆ. ಭಾವಮೈದನ ಎಡಗಾಲು! ಕಾಲಿನ ಮೈಕಿಗೆ ಬಿದ್ದು, ಮೊದಲು ಪೆಟ್ಟಿನೊಳಗೆ ಬೆರೆತು ಕೇಳಿಸದೆ ಇದ್ದದ್ದು, ಪೆಟ್ಟು ಮುಂಚೆ ಸರಿದ ಮೇಲೆ ಒಂಟಿಯಾಗಿ ಕೇಳುತ್ತಿತ್ತು. ಅದನ್ನೂ ಅಳಿಸಿದೆ. ಸುತ್ತು ಸುತ್ತಿಗೂ ಹುಡುಕಿ ಹುಡುಕಿ ಅಳಿಸಿದೆ. ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಖಾನೆಯಲ್ಲಿ ಒಂದು ಅಂಕಿ ಬರೆದು ಕಳಿಸಿದೆ.

ಅರ್ಧ ಗಂಟೆಯಲ್ಲಿ ಆರೂ ಟೆಸ್ಟರ್‌ಗಳಿಗೆ ಪರ್ಫೆಕ್ಟ್ ಬಂತು. "ಸೂಪರ್ ಮೇಡಂ, ಎಷ್ಟು ಕ್ಲೀನಾಗಿದೆ!" ಎಂದಳು ಲೀಡ್. ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವೇ ಆಯಿತು. ಹೊಟ್ಟೆ ತುಂಬ ಊಟ ಮಾಡಿ ಮಲಗಿದೆ.

ಪ್ಯಾಕ್ ಬಿಡುಗಡೆಯಾದ ಮೂರನೇ ದಿನ ಕಾಕಾನ ಮಗಳು ಫೋನ್ ಮಾಡಿದಳು. "ಅಕ್ಕಾ, ಅಪ್ಪ ಆಡಾಕ ಕುಂತಾನ. ಎಲ್ಲಾ ಮಿಸ್ ಬರಾಕತ್ತೈತಿ. ಬಾಣ ನಾ ಒತ್ತೀನಿ, ಅಪ್ಪ ಬರೇ ದೊಡ್ಡ ಗುಂಡಿ ಒತ್ತತಾನ. ಆದರೂ ಮಿಸ್. ಕ್ವಾಣ್ಯಾಗಿನ ಹುಡುಗ್ರು 'ಅಂಕಲ್ ನಿಮಗೆ ಬೀಟ್ ಗೊತ್ತಿಲ್ಲ' ಅಂತ ಬರದು ಹೊರಗ ಹಾಕಿದ್ರು."

ಅಷ್ಟರಲ್ಲಿ ಕಾಕಾ ಫೋನ್ ತೆಗೆದುಕೊಂಡರು. "ಅವ್ವಾ, ನಾ ಬಾರಿಸಿದ್ದ ನನಗ ತಪ್ಪು ಅಂತೈತಿ. ನಾ ಎಲ್ಲಿ ತಪ್ಪೀನಿ ಜರಾ ಹೇಳು."

ಹೇಳಬೇಕಿತ್ತು. ಅಲ್ಲೇ, ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. "ನೆಟ್‌ವರ್ಕ್ ಸರಿ ಇಲ್ಲ ಅನಸ್ತೈತಿ ಕಾಕಾ" ಎಂದೆ.

"ಏಮೋ ಅವ್ವ, ಯಾರಿಗ್ಗೊತ್ತು," ಎಂದರು ಅವರು. ನಂಬಿದ ಹಾಗಿರಲಿಲ್ಲ.

ಆಮೇಲಿನ ವಾರಗಳಲ್ಲಿ ಮಗಳು ಆಗಾಗ ಪರದೆಯ ಚಿತ್ರ ಕಳಿಸುತ್ತಿದ್ದಳು. ಮಿಸ್ ಕಡಿಮೆಯಾಗಿ ಬ್ಯಾಡ್ ಬಂತು, ಬ್ಯಾಡ್ ಹೋಗಿ ಅಲ್ಲೊಂದು ಇಲ್ಲೊಂದು ಪರ್ಫೆಕ್ಟ್. "ಅಪ್ಪ ದಿನಾ ಕುರಿ ಕೂಡಿಸಿ ಬಂದು ಇದ್ನ ಹಿಡಕೊಂಡು ಕುಂದ್ರತಾನ" ಎಂದು ಬರೆದಿದ್ದಳು. ನಾನು ಹೆಬ್ಬೆರಳೆತ್ತಿದ ಚಿತ್ರ ಕಳಿಸಿದೆ. ಪ್ರತಿ ಸಲವೂ ಕಳಿಸಿದೆ. ಅಲ್ಲಿ ಏನಾಗುತ್ತಿದೆ ಎಂದು ಈ ದಡ್ಡಿಗೆ ಹೊಳೆಯಲೇ ಇಲ್ಲ.

ಲೀಡ್ ಫೋನ್ ಮಾಡಿದಾಗ ಅವಳ ದನಿಯಲ್ಲೇ ಗೊತ್ತಾಯಿತು. "ಮುಚ್ತಿದ್ದಾರೆ ಮೇಡಂ. ತಿಂಗಳ ಕೊನೆಗೆ ಸರ್ವರ್ ಆಫ್." ಡೊಳ್ಳಿನ ಹಾಡು ಏನಾಗುತ್ತದೆ ಎಂದು ಕೇಳಿದೆ. ಆಟವೇ ಇಲ್ಲದ ಮೇಲೆ ಹಾಡು ಎಲ್ಲಿ ಬಂತು ಮೇಡಂ ಎಂದಳು. ಅವಳದೂ ಕೆಲಸ ಹೋಗಿತ್ತು, ನಾನು ಇನ್ನೇನೂ ಕೇಳಲಿಲ್ಲ. ಕೊಟ್ಟ ಮಾತನ್ನು ಮುರಿದು ಕತ್ತರಿಸಿದ್ದು ಈ ನಾಲ್ಕು ದಿನದ ಸಂಭ್ರಮಕ್ಕೋ ಎಂದು ತಲೆ ಚಚ್ಚಿಕೊಂಡೆ. ಕತ್ತರಿಸದ ಮೂಲ ರೆಕಾರ್ಡಿಂಗ್ ಮಾತ್ರ ನನ್ನ ಹತ್ತಿರ ಹಾಗೇ ಇತ್ತು. ಅದನ್ನು ಒಂದು ಕಾರ್ಡಿಗೆ ಹಾಕಿಕೊಂಡು, ಕಾಕಾನ ಕಾಲಿಗೆ ಬಿದ್ದು ಎಲ್ಲ ಹೇಳಿ, ಅವರ ಕೈಗೇ ಕೊಟ್ಟು ಬರೋಣವೆಂದು ಬೆಳಗಿನ ಬಸ್ ಹತ್ತಿದೆ.

ಮನೆಯ ಮುಂದೆ ಕಾಕಾ, ಮಗಳು, ಭಾವಮೈದ ಮೂವರೂ ಇದ್ದರು. ಮಗಳ ಫೋನಿಗೆ ಕಾರ್ಡ್ ಹಾಕಿ ರೆಕಾರ್ಡಿಂಗ್ ಹಚ್ಚಿದೆ. ಕಾಕಾ ಬಗ್ಗಿ ಕಿವಿಗೊಟ್ಟು ಕೇಳಿದರು. ಅವರ ಮುಖ ಅರಳುತ್ತದೆ ಎಂದು ಕಾಯುತ್ತಿದ್ದೆ. ಹುಬ್ಬು ಗಂಟಿಕ್ಕಿತು.

"ಅಯ್ಯ, ಇಲ್ಲಿ ನೋಡು, ತಡ ಆತು. ಇಲ್ಲೂ ತಡ. ಥೂ, ಇಲ್ಲಿ ಭಾಳ ತಡ." ತಲೆ ಎತ್ತಿದರು. "ಇಷ್ಟು ವರ್ಷ ಹಿಂಗ ಬಾರಿಸೀನೇನವ್ವ ನಾ?"

"ಕಾಕಾ, ಇದ ಸರಿ. ನಿಮ್ಮದು ತಪ್ಪಿಲ್ಲ. ಆಟದಾಗ ಇರೋದನ್ನ ನಾ ಕತ್ತರಿಸಿ ಹಾಕೀನಿ. ನಿಮಗ ಮಾತು ಕೊಟ್ಟು ತಪ್ಪೀನಿ. ನೆಟ್‌ವರ್ಕ್ ಅಂದದ್ದೂ ಸುಳ್ಳು," ಎಂದೆ. ಹೇಳುತ್ತ ಹೇಳುತ್ತ ಅಳು ಬಂತು.

ಅವರು ನನ್ನ ತಲೆ ಸವರಿದರು. "ಹುಚ್ಚಿ, ನನಗ ಸಮಾಧಾನ ಹೇಳಾಕ ಇಷ್ಟು ದೂರ ಬಂದೇನು? ಊರೂರಿನ ಮಂದಿ ಆಡ್ಯಾರ, ಎಲ್ಲಾರಿಗೂ ಬರೋಬರಿ ಬಂದೈತಿ. ನನಗೊಬ್ಬಗ ಬರಲಿಲ್ಲ. ಅಷ್ಟು ಮಂದಿದೂ ತಪ್ಪು, ನಂದೊಂದು ಸರಿ ಆಗ್ತೈತೇನು?"

"ಆಗ್ತೈತಿ ಕಾಕಾ, ಆಣಿ ಮಾಡಿ ಹೇಳ್ತೀನಿ."

"ಸರೇಲೇ, ಆತು ಬಿಡು," ಎಂದರು, ಮಕ್ಕಳಿಗೆ ಹೇಳುವಂತೆ. "ಅದನ್ನ ಅಳಿಸಿಬಿಡವ್ವ. ಯಾರರೆ ಕೇಳಿದ್ರ ನಮ್ಮಣ್ಣನ ಹೆಸರೂ ಕೆಡ್ತೈತಿ."

ಅವರು ಕದಲಲಿಲ್ಲ, ಅಳಿಸುವುದನ್ನು ಕಣ್ಣಾರೆ ನೋಡಬೇಕಿತ್ತು ಅವರಿಗೆ. ಕಾರ್ಡಿನಲ್ಲಿದ್ದುದನ್ನು ಅಳಿಸಿದೆ. ಮನೆಯ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರತಿ ಈಗಲೂ ಇದೆ. ಅದನ್ನು ಯಾರಿಗೆ ಕೊಡಲಿ, ಯಾರ ಕೈಗೆ ಕಲಿಸಲಿ, ನನಗೆ ಗೊತ್ತಿಲ್ಲ.

ಕಾಕಾ ಒಳಗೆ ಹೋಗಿ ಡೊಳ್ಳು ಹೊತ್ತು ತಂದರು. "ಈಗ ಕೇಳು," ಎಂದು ಹೆಗಲಿಗೆ ಹಾಕಿಕೊಂಡರು. ಭಾವಮೈದ ನಗುತ್ತ ಎದ್ದು ಅಂಗಳದ ನಡುವೆ ನಿಂತ. ಮೂರು ಪೆಟ್ಟು ಬಿದ್ದವು. ಅವನ ಎಡಗಾಲು ಇನ್ನೂ ಮೇಲಿತ್ತು, ನಾಲ್ಕನೆಯದು ಬಿದ್ದುಬಿಟ್ಟಿತು. ಅವನು ತಡವರಿಸಿ ಮತ್ತೆ ಹೆಜ್ಜೆ ಹಿಡಿದ. ಮತ್ತೆ ಹಾಗೇ ಆಯಿತು. "ಜರಾ ತಡಿ ಮಾಮಾ," ಎಂದ. ಡೊಳ್ಳು ತಡೆಯಲಿಲ್ಲ. ಕಾಕಾ ಕಣ್ಣು ಮುಚ್ಚಿದ್ದರು, ತುಟಿ ಒಂದು ಎರಡು ಮೂರು ಎಂದು ಎಣಿಸುತ್ತಿತ್ತು. ಇನ್ನೊಂದು ಸುತ್ತು ನೋಡಿ ಭಾವಮೈದ ಹೊರಗೆ ಬಂದ. ಕಟ್ಟೆಯ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತ, "ನನಗ ಆಗಂಗಿಲ್ಲ ಬಿಡಕ್ಕ, ಹಳೇದಾತು ಇದು" ಅಂದ.

ಕಾಕಾ ಪೂರ್ತಿ ಬಾರಿಸಿಯೇ ನಿಲ್ಲಿಸಿದರು. ಮುಖವೆಲ್ಲ ಬೆವರು. ಕಣ್ಣು ತೆರೆದು, ಖಾಲಿ ಅಂಗಳದ ಕಡೆ ನೋಡದೆ, ನನ್ನನ್ನೇ ನೋಡಿ ಕೇಳಿದರು.

"ಒಂದರೆ ತಪ್ಪಿತೇನವ್ವ?"

"ಇಲ್ಲ ಕಾಕಾ," ಎಂದೆ. "ಒಂದೂ ತಪ್ಪಲಿಲ್ಲ."